ಬಿಟ್ಟುಹೋದ ಹಂತ

ಬೆಳಿಗ್ಗೆ ಶಾಲೆಗೆ ಬರುವಾಗ ಅವರ ಗುಂಗುರು ಕೂದಲು ಕಾಡಿಗೆಯಷ್ಟು ಕಪ್ಪಗಿರುತ್ತಿತ್ತು. ಸಂಜೆಯ ಹೊತ್ತಿಗೆ ಪೂರ್ತಿ ನರೆತುಹೋಗುತ್ತಿತ್ತು. ಲೆಕ್ಕ ಬಿಡಿಸುತ್ತ ಸೀಮೆಸುಣ್ಣ ಹಿಡಿದ ಕೈಯಲ್ಲೇ ತಲೆ ಕೆರೆದುಕೊಳ್ಳುವುದು ಅವರ ಅಭ್ಯಾಸ. ಕೊನೆಯ ಪೀರಿಯಡ್ ಮುಗಿದ ಮೇಲೆ ಸ್ಟಾಫ್ ರೂಮಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಜೋರಾಗಿ ಕೊಡವಿಕೊಂಡು, ಮತ್ತೆ ಯೌವನ ಪಡೆದು, ನನ್ನ ಸ್ಕೂಟರಿನ ಬಳಿ ಬಂದು ನಿಲ್ಲುತ್ತಿದ್ದರು.

ಕೊಡಗಿನ ಬಾಳೆಲೆ ಎಂಬ ಊರಿನ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಅವರು ಲೆಕ್ಕದ ಮಾಷ್ಟ್ರು, ನಾನು ಕನ್ನಡದ ಮಾಷ್ಟ್ರು. ಮಡಿಕೇರಿಯ ಪೂಜಾರಿಕೆಯ ಮನೆತನದಲ್ಲಿ ಹುಟ್ಟಿ, ಮಂತ್ರ ಬಾರದೆ ವ್ಯಾಕರಣಕ್ಕೆ ಇಳಿದವನು ನಾನು. ಅವರು ಹುಟ್ಟಿದ್ದು ಎರವ ಬುಡಕಟ್ಟಿನ ಹಾಡಿಯಲ್ಲಿ, ಕಾಡಂಚಿನ ಗುಡಿಸಲುಗಳ ಕೇರಿಯಲ್ಲಿ. ತಲೆಮಾರುಗಳಿಂದ ಪರರ ಗದ್ದೆಯಲ್ಲಿ, ಪರರ ತೋಟದಲ್ಲಿ ದುಡಿದ ಜನ. ಅವರ ಹಾಡಿಯಿಂದ ಡಿಗ್ರಿ ಮುಗಿಸಿ ಮೇಷ್ಟರಾದ ಮೊದಲಿಗರು ಇವರೇ. ಈ ವಿಷಯವನ್ನು ನಾನು ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಅಭಿಮಾನದಿಂದ ಹೇಳುತ್ತಿದ್ದೆ. ನನ್ನ ಬಗ್ಗೆ ಯಾರೂ ಯಾರಿಗೂ ಹಾಗೆ ಹೇಳಬೇಕಾದ ಅಗತ್ಯ ಬೀಳುತ್ತಿರಲಿಲ್ಲ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಶಾಲೆಗೆ ಯಾವ ಸಾಹೇಬರು ತಪಾಸಣೆಗೆ ಬಂದರೂ ಸ್ಟಾಫ್ ರೂಮಿನಲ್ಲಿ ಕಣ್ಣಾಡಿಸಿ, ಇವರ ಮೇಲೆ ದೃಷ್ಟಿ ನಿಲ್ಲಿಸಿ, "ನೀವು ಪಿ.ಟಿ. ಮಾಷ್ಟ್ರಲ್ವಾ?" ಎನ್ನುತ್ತಿದ್ದರು. ನಮ್ಮ ನಿಜವಾದ ಪಿ.ಟಿ. ಮಾಷ್ಟ್ರು ಹೊಟ್ಟೆ ಮೇಜಿನ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತಿರುತ್ತಿದ್ದರು. ಇವರು ಎದ್ದು ನಿಂತು, "ಅಲ್ಲ ಸಾರ್, ಲೆಕ್ಕ" ಎನ್ನುತ್ತಿದ್ದರು. ಸಾಹೇಬರು, "ಓಹೋ, ಲೆಕ್ಕವಾ" ಎಂದು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಅವರೂ ನಗುತ್ತಿದ್ದರು. ಅವರು ನಗುವುದರಿಂದಲೇ ಅದು ತಮಾಷೆ ಎಂದು ನಾವು ಸರ್ವಾನುಮತದಿಂದ ತೀರ್ಮಾನಿಸಿದ್ದೆವು.

ಪಾಠದಲ್ಲಿ ಅವರದು ಒಂದೇ ಹಟ. ಉತ್ತರ ಸರಿಯಿದ್ದರೂ ನಡುವೆ ಒಂದು ಹಂತ ಹಾರಿಸಿದ್ದರೆ ಅಂಕ ಕೊಡುತ್ತಿರಲಿಲ್ಲ. ಬುದ್ಧಿವಂತ ಮಕ್ಕಳ ಅಪ್ಪಂದಿರು ಜಗಳಕ್ಕೆ ಬರುತ್ತಿದ್ದರು. "ಉತ್ತರ ಎಲ್ಲಿಂದಾದ್ರೂ ಸಿಗ್ತದೆ, ಪಕ್ಕದವನ ಪೇಪರಲ್ಲೂ ಸಿಗ್ತದೆ. ದಾರಿ ತೋರಿಸ್ಲಿ" ಎನ್ನುವುದು ಅವರ ಮಾತು.

ನಾವಿಬ್ಬರೂ ಮಾತಿಗೆ ಬಿದ್ದದ್ದು ಸ್ಕೂಟರಿನ ಮೇಲೆ. ನಮ್ಮ ಮನೆಗಳು ಒಂದೇ ದಿಕ್ಕಿನಲ್ಲಿದ್ದವು, ಸ್ಕೂಟರು ನನ್ನದು. ಸಮಾನತೆಯ ವಿಷಯದಲ್ಲಿ ನಾನು ಆಗ ಬಹಳ ಮುಂದುವರಿದ ಮನುಷ್ಯ. ಎರವ ಸಹೋದ್ಯೋಗಿಯನ್ನು ಹಿಂದೆ ಕೂರಿಸಿಕೊಂಡು ಊರ ನಡುವೆ ಹೋಗುವುದೇ ನನ್ನ ಮಟ್ಟಿಗೆ ಒಂದು ಮೆರವಣಿಗೆ. ಮುಂದೆ ಕೂತವನು ಮಾತಾಡಿದರೆ ಗಾಳಿ ಅದನ್ನು ಹಿಂದಿನವನ ಕಿವಿಗೆ ತಲುಪಿಸುತ್ತದೆ. ಹಿಂದೆ ಕೂತವನು ಮಾತಾಡಿದರೆ ಹೆಚ್ಚಿನದು ರಸ್ತೆಯ ಪಾಲು. ಈ ವ್ಯವಸ್ಥೆ ನನಗೆ ಬಹಳ ಅನುಕೂಲವಾಗಿತ್ತು. ಜಾತಿ, ಬಣ್ಣ, ಮೀಸಲಾತಿ, ಹಾಡಿಯ ಉದ್ಧಾರ ಎಲ್ಲದರ ಮೇಲೂ ನಾನು ಪ್ರವಚನ ಕೊಡುತ್ತಿದ್ದೆ. ಎಲ್ಲರೂ ಮನುಷ್ಯರೇ, ನಾನಂತೂ ಅದನ್ನೆಲ್ಲ ನೋಡುವವನೇ ಅಲ್ಲ ಎಂದು ದಿನಕ್ಕೊಮ್ಮೆಯಾದರೂ ಘೋಷಿಸುತ್ತಿದ್ದೆ.

ಒಂದು ದಿನ ಪರೀಕ್ಷೆ ಪೇಪರು ತಿದ್ದಲು ಕುಟ್ಟದ ಕಡೆ ಹೊರಟಿದ್ದೆವು. ಕಾಡಂಚಿನ ಗೇಟಿನಲ್ಲಿ ಫಾರೆಸ್ಟ್ ಗಾರ್ಡು ನಿಲ್ಲಿಸಿದ. ನನಗೆ ನಮಸ್ಕಾರ ಹೇಳಿದ, ಅವರಿಗೆ ಬ್ಯಾಗ್ ಬಿಚ್ಚಲು ಹೇಳಿದ. ಬ್ಯಾಗಿನಲ್ಲಿ ಒಂದು ಟಿಫಿನ್ ಡಬ್ಬಿ, ಕೆಂಪು ಪೆನ್ನುಗಳು. ಗಾರ್ಡು ಡಬ್ಬಿಯನ್ನೂ ತೆಗೆಸಿ, ಕಾಡುಮಾಂಸವೇನೋ ಎಂದು ಮೂಸಿ ನೋಡಿ ಬಿಟ್ಟ. ಗೇಟು ದಾಟಿದ ಮೇಲೆ ನಾನು ಸಮಾಧಾನದ ದನಿಯಲ್ಲಿ, ಬೇಜಾರು ಮಾಡ್ಕೋಬೇಡಿ, ಅವನು ಅವನ ಕರ್ತವ್ಯ ಮಾಡಿದ ಎಂದೆ.

"ಹೌದು ಸಾರ್," ಎಂದರು ಅವರು, ಸ್ವಲ್ಪ ಮುಂದಕ್ಕೆ ಬಾಗಿ, ಗಾಳಿಗೆ ಸಿಗದ ಹಾಗೆ. "ನನ್ನ ಬ್ಯಾಗ್ ಕಂಡ್ರೆ ಅವನಿಗೆ ಕರ್ತವ್ಯ ನೆನಪಾಗ್ತದೆ."

ನಾನು ನಕ್ಕೆ. ಒಳ್ಳೆಯ ಮಾತು ಎಂದೂ ಹೇಳಿದೆ. ನಮ್ಮ ಪಾಲಿಗೆ ಬಂದ ಏಟನ್ನೂ, ಹೇಳುವವನ ಭಾಷೆ ಚೆನ್ನಾಗಿದ್ದರೆ, ಸವಿದು ಮುಗಿಸಿಬಿಡುವುದು ಕನ್ನಡ ಮೇಷ್ಟರುಗಳಿಗೆ ಅಂಟಿದ ಕಾಯಿಲೆ.

ಕುಂಡೆ ಹಬ್ಬದ ವಿಷಯ ಬಂದದ್ದೂ ಹೀಗೆ ಸ್ಕೂಟರಿನ ಮೇಲೆಯೇ. ತರಗತಿಯಲ್ಲಿ ಹೆಸರು ಹೇಳಲು ನಾನು ಅಂಜುವ ಈ ಹಬ್ಬ ಮಳೆಗಾಲದ ಮುಂಚೆ ಬರುತ್ತದೆ. ಹಾಡಿಯ ಜನ ವೇಷ ಕಟ್ಟಿ, ಡಬ್ಬ ಬಡಿಯುತ್ತ, ಮನೆ ಮನೆಗೆ ಅಂಗಡಿ ಅಂಗಡಿಗೆ ಬಂದು, ಧಣಿಯೆನ್ನದೆ ದೇವರೆನ್ನದೆ ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ಬೈಸಿಕೊಂಡವರು ಕೋಪ ಮಾಡಿಕೊಳ್ಳುವಂತಿಲ್ಲ, ನಕ್ಕು ಕಾಣಿಕೆ ಕೊಟ್ಟು ಕಳಿಸಬೇಕು. ನಾನು ಆ ದಿನ ಪ್ರವಚನದ ಭರದಲ್ಲಿದ್ದೆ. ಇಂಥ ಹಬ್ಬ ಲೋಕದಲ್ಲಿ ಇನ್ನೆಲ್ಲಿದೆ, ಧಣಿಯನ್ನು ಎದುರಿಗೆ ನಿಂತು ಬೈಯುವ ಸ್ವಾತಂತ್ರ್ಯ ನಮ್ಮ ನಾಡು ನಿಮ್ಮವರಿಗೆ ಕೊಟ್ಟಿದೆ ಎಂದೆ.

ಅವರು ನನ್ನ ಭುಜ ತಟ್ಟಿದರು. "ಸಾರ್, ಸ್ವಲ್ಪ ನಿಲ್ಸಿ."

ರಸ್ತೆ ಬದಿಯ ಮೋರಿಯ ಮೇಲೆ ಕೂತು ಅವರು ಹೇಳಿದ್ದು ಇಷ್ಟು. ಅವರು ಪಿಯುಸಿ ಓದುತ್ತಿದ್ದಾಗ ಅವರ ಅಣ್ಣ ತೋಟದಲ್ಲಿ ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯ ಒಳ್ಳೆಮೆಣಸು ಕುಯ್ಯುತ್ತ ಏಣಿಯಿಂದ ಬಿದ್ದ. ತಲೆ ಒಡೆದಿತ್ತು, ಉಸಿರಿತ್ತು. ತೋಟದ ಸಾಹುಕಾರರ ಅಂಗಳದಲ್ಲಿ ಜೀಪು ನಿಂತಿತ್ತು. ಮರುದಿನ ಸಾಹುಕಾರರ ಮಗಳ ಮದುವೆ. ಜೀಪನ್ನು ತೊಳೆದು ಇಟ್ಟಿದ್ದರು. ರಕ್ತವಾಗ್ತದೆ, ಬೇರೆ ಗಾಡಿ ನೋಡಿ ಎಂದರು ಸಾಹುಕಾರರು. ಹಾಡಿಯವರು ಕಂಬಳಿಯಲ್ಲಿ ಹೊತ್ತುಕೊಂಡು ಗೋಣಿಕೊಪ್ಪದ ಆಸ್ಪತ್ರೆಯ ದಾರಿ ಹಿಡಿದರು. ಅರ್ಧ ದಾರಿಗೆ ಹೊರೆ ಹಗುರಾಗಿರಲಿಲ್ಲ, ಆದರೆ ಅವಸರ ಮುಗಿದಿತ್ತು.

ಅದೇ ವರ್ಷದ ಹಬ್ಬಕ್ಕೆ ಅವರ ಅಪ್ಪ ಹರಕು ಸೀರೆ ಉಟ್ಟು, ಮುಖಕ್ಕೆ ಮಸಿ ಬಳಿದುಕೊಂಡು, ಅದೇ ಅಂಗಳದಲ್ಲಿ ಡಬ್ಬ ಬಡಿದು ಸಾಹುಕಾರರನ್ನು ಬೈದ. ಮಗನ ಹೆಸರು ಹಿಡಿದು, ಜೀಪಿನ ಹೆಸರು ಹಿಡಿದು, ತಾಯಿಯ ಹಾಗೆ ಎದೆ ಬಡಿದುಕೊಂಡು ಬೈದ. ಅಂಗಳದಲ್ಲಿ ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹುಕಾರರು ಕಣ್ಣೊರೆಸಿಕೊಂಡು ನಕ್ಕು, ಈ ಸಲ ಭಾರೀ ಚೆನ್ನಾಗಿ ಬೈದೆ ಎಂದು ಕಾಣಿಕೆ ಕೊಟ್ಟರು.

"ಅಪ್ಪ ಅವತ್ತು ವೇಷ ಹಾಕಿದ್ದ, ತಮಾಷೆ ಮಾಡಿರ್ಲಿಲ್ಲ ಸಾರ್. ಬೈಯೋಕೆ ಬಿಡ್ತಾರೆ. ಕೇಳಿಸ್ಕೊಳ್ಳೋದಿಲ್ಲ. ಕೇಳಿಸ್ಕೊಂಡಿದ್ರೆ ನಗ್ತಿದ್ರಾ?"

ನಾನು ಗಂಭೀರನಾಗಿ, ಆ ಪದಗಳು ಅಪ್ಪನಿಗೆ ಇನ್ನೂ ನೆನಪಿವೆಯೇ, ಜಾನಪದದ ದೃಷ್ಟಿಯಿಂದ ಬಹಳ ಅಮೂಲ್ಯವಾದದ್ದು ಎಂದೆ. ಅವರು ನನ್ನ ಮುಖ ನೋಡಿ, ಪ್ಯಾಂಟಿನ ಧೂಳು ಕೊಡವಿ, ಸ್ಕೂಟರಿನ ಹಿಂದೆ ಹತ್ತಿ ಕೂತರು.

ಆ ವರ್ಷದ ರಾಜ್ಯೋತ್ಸವಕ್ಕೆ ಶಾಲೆಯ ಹೊಸ ಸಭಾಂಗಣ ಸಿದ್ಧವಾಗಿತ್ತು. ಕಟ್ಟಿಸಿಕೊಟ್ಟವರು ಅದೇ ತೋಟದ ಈಗಿನ ಸಾಹುಕಾರರು, ಅಂದು ನಕ್ಕವರ ಮಗ. ಅವರೇ ಮುಖ್ಯ ಅತಿಥಿ, ನಾನೇ ಮುಖ್ಯ ಭಾಷಣಕಾರ. ನಾಡಿನ ಔದಾರ್ಯದ ಬಗ್ಗೆ ಮಾತಾಡುತ್ತ ನನ್ನ ನಾಲಗೆಗೆ ಒಳ್ಳೆಯ ಉದಾಹರಣೆ ಸಿಕ್ಕಿತು. ಹರಕು ಸೀರೆಯ ಎರವ, ಎದೆ ಬಡಿದುಕೊಂಡ ಅಭಿನಯ, ಕಣ್ಣೊರೆಸಿಕೊಂಡು ನಕ್ಕ ಸಾಹುಕಾರರು. ಬೈದವನಿಗೆ ಕಾಣಿಕೆ ಕೊಟ್ಟ ಆ ದೊಡ್ಡ ಮನಸ್ಸಿನವರ ಮಗ ಇಂದು ನಮ್ಮ ನಡುವೆ ಇದ್ದಾರೆ ಎಂದು ಮುಗಿಸಿದೆ. ಏಣಿಯನ್ನೂ ಜೀಪನ್ನೂ ಹೇಳಲಿಲ್ಲ. ಅದು ಸಭೆಗೆ ತಕ್ಕ ವಿಷಯವಲ್ಲ ಎಂದು ನನ್ನ ಸಾಹಿತ್ಯಪ್ರಜ್ಞೆ ತೀರ್ಪು ಕೊಟ್ಟಿತ್ತು. ಸಭಾಂಗಣ ನಕ್ಕು ನಕ್ಕು ಚಪ್ಪಾಳೆ ತಟ್ಟಿತು. ಅತಿಥಿಗಳು ಕೈಮುಗಿದರು. ಮುಂದಿನ ಸಾಲಿನಲ್ಲಿ ಲೆಕ್ಕದ ಮಾಷ್ಟ್ರು ಕೂತಿದ್ದರು. ಅವರ ಕೈ ಮಡಿಲಲ್ಲೇ ಇತ್ತು.

ಸಂಜೆ ಅವರು ಬಸ್ಸಿಗೆ ಹೋದರು. ಮರುದಿನ ಮಾತ್ರ ಎಂದಿನ ಹಾಗೆ ನನ್ನ ಗೇಟಿನ ಹತ್ತಿರ ನಿಂತಿದ್ದರು.

"ಇವತ್ತು ಕೀ ಕೊಡಿ ಸಾರ್. ನಾನು ಓಡಿಸ್ತೀನಿ, ನೀವು ಹಿಂದೆ ಕೂರಿ."

ಕೂತೆ. ಅರ್ಧ ದಾರಿಯಲ್ಲಿ ಅವರು ತಲೆ ತಿರುಗಿಸದೆ ಹೇಳಿದರು: "ಅಪ್ಪನನ್ನ ನೋಡಿ ಎರಡನೇ ಸಲ ನಕ್ರು. ಮೊದಲನೇ ಸಲ ಅವರಿಗೆ ಗೊತ್ತಿದ್ದೂ ನಕ್ರು. ಈ ಸಲದವರಿಗೆ ಗೊತ್ತಿರ್ಲಿಲ್ಲ, ಯಾಕಂದ್ರೆ ನೀವು ಹಂತ ಬಿಟ್ರಿ."

ನಾನು ಹಿಂದಿನಿಂದ ಏನೋ ವಿವರಣೆ ಕೊಡಲು ಹೊರಟೆ. ಉದ್ದೇಶ ಒಳ್ಳೆಯದಿತ್ತು, ಹೆಸರು ಹೇಳಿಲ್ಲ, ಹೀಗೆ. ಅದೆಲ್ಲ ರಸ್ತೆಯ ಪಾಲಾಯಿತು. ಇಳಿದ ಮೇಲೆ ಅವರು ಕೇಳಿದ್ದು ಒಂದೇ. "ಅದೇ ಹಾಲ್‌ನಲ್ಲಿ ಒಂದ್ಸಲ ಪೂರ್ತಿ ಹೇಳಿ ಸಾರ್. ನಾನು ಹೇಳಿದ್ರೆ ಇವನಿಗೆ ಸಿಟ್ಟು ಅಂತಾರೆ. ನೀವು ಹೇಳಿದ್ರೆ ಕೇಳ್ತಾರೆ. ಅದೂ ಸರಿಯಲ್ಲ, ಆದ್ರೆ ಈಗ ಇರೋದು ಹಾಗೆ. ಅಪ್ಪ ಇರೋದ್ರೊಳಗೆ ಹೇಳಿದ್ರೆ ಆಯ್ತು."

ಹೇಳುತ್ತೇನೆ ಎಂದೆ. ಮನಃಪೂರ್ವಕವಾಗಿಯೇ ಎಂದೆ.

ಅಂದಿನಿಂದ ಬೆಳಿಗ್ಗೆ ಅವರು ಓಡಿಸುವುದು, ಸಂಜೆ ನಾನು ಎಂದಾಯಿತು. ಬೆಳಗಿನ ಹೊತ್ತು ನನ್ನ ಮಾತಿಗೆ ಬೆಲೆಯಿರಲಿಲ್ಲ, ಹಾಗಾಗಿ ಕಿವಿ ಸ್ವಲ್ಪ ಕೆಲಸ ಕಲಿಯಿತು. ಹಾಸ್ಟೆಲಿನಲ್ಲಿ ಸೋಪು ಕೊಟ್ಟು ಬಣ್ಣ ಹೋಗುವ ತನಕ ತಿಕ್ಕು ಎಂದ ವಾರ್ಡನ್ನಿನ ಕತೆ, ಅಂಗಡಿಗೆ ಹೋದ ತಮ್ಮ ಮಗಳಿಗೆ ಕೇಳದೆಯೇ ಬಿಳಿ ಮಾಡುವ ಕ್ರೀಮು ತೋರಿಸುವವರ ಕತೆ, ಪಿ.ಟಿ. ಮಾಷ್ಟ್ರಾ ಎಂದಾಗ ತಾನೂ ಏಕೆ ನಗುತ್ತೇನೆ ಎಂಬ ಕತೆ. "ನಾನು ನಗದಿದ್ರೆ ನಿಮಗೆಲ್ಲ ಕಷ್ಟ ಆಗ್ತಿತ್ತು ಸಾರ್. ಸ್ಟಾಫ್ ರೂಮಲ್ಲಿ ಟೀ ಕುಡಿಯೋದು ಹೆಂಗೆ?" ನಾವು ಆರಾಮಾಗಿ ಕುಡಿದ ಅಷ್ಟೂ ಟೀಗೆ ಅವರ ನಗು ಸಕ್ಕರೆಯಾಗಿತ್ತೆಂದು ಹಾಗೆ ತಿಳಿಯಿತು.

ಕಿವಿ ಕಲಿತದ್ದು ನಾಲಗೆಗೆ ದಾಟಲಿಲ್ಲ. ಮರುವರ್ಷದ ರಾಜ್ಯೋತ್ಸವ ಬಂತು. ಸಭಾಂಗಣಕ್ಕೆ ಫ್ಯಾನು ಕೊಡಿಸುವ ಮಾತು ನಡೆದಿತ್ತು, ಸಾಹುಕಾರರ ಎದುರಿಗೆ ಅವರ ಅಪ್ಪನ ವಿಷಯ ಎತ್ತುವುದು ಸೌಜನ್ಯವಲ್ಲ ಎಂದುಕೊಂಡೆ. ಅದರ ಮುಂದಿನ ವರ್ಷ ಸಾಹುಕಾರರ ಮನೆಯಲ್ಲಿ ಸೂತಕ. ಇನ್ನೊಂದು ವರ್ಷ ನನ್ನ ನಿವೃತ್ತಿಯ ಸಮಾರಂಭ, ಸಂತೋಷದ ಸಂದರ್ಭ. ಸರಿಯಾದ ಸಂದರ್ಭಕ್ಕಾಗಿ ಕಾಯುವ ಸವಲತ್ತು ಯಾರಿಗಿರುತ್ತದೆ ಎಂದು ಯೋಚಿಸಲು ಹೋಗಲಿಲ್ಲ. ನಡುವೆ ಒಂದು ಮಳೆಗಾಲದಲ್ಲಿ ಅವರ ಅಪ್ಪ ತೀರಿಕೊಂಡ. ಮಾತಾಡಿಸಲು ಹೋದಾಗ ಮಾಷ್ಟ್ರು ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಕೂರಲು ಚಾಪೆ ಹಾಸಿ, ಕಾಫಿ ಕೊಟ್ಟು, ನನ್ನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದರು.

ಈ ವರ್ಷ ಹತ್ತನೇ ತರಗತಿಗೆ ಲೆಕ್ಕ ಬಿಡಿಸುತ್ತಿದ್ದಾಗಲೇ ಅವರಿಗೆ ಎದೆನೋವು ಬಂತು. ಆಸ್ಪತ್ರೆ ತಲುಪಿದರು, ಬೆಳಗಾಗಲಿಲ್ಲ.

ಶ್ರದ್ಧಾಂಜಲಿ ಸಭೆಗೆ ನನ್ನನ್ನೇ ಮಾತಾಡಲು ಕರೆದರು. ಹಿಂದಿನ ದಿನ ಹಾಡಿಗೆ ಹೋಗಿ ಅವರ ಹೆಂಡತಿಯನ್ನು ಕೇಳಿ ಒಪ್ಪಿಗೆ ಪಡೆದೆ. ಆ ಅಣ್ಣನ ಹೆಸರನ್ನೂ ಕೇಳಿದೆ. ಇಷ್ಟು ವರ್ಷ ಕೇಳಿರಲಿಲ್ಲ. "ಈಗ ಹೇಳ್ತೀರಾ ಸಾರ್?" ಎಂದಷ್ಟೇ ಆಕೆ ಅಂದರು. ಮರುದಿನ ಅದೇ ಸಭಾಂಗಣದಲ್ಲಿ, ಅದೇ ಮೈಕಿನ ಮುಂದೆ, ಯಾವ ಅಲಂಕಾರವೂ ಇಲ್ಲದೆ ಹೇಳಿದೆ. ಏಣಿ, ಕಂಬಳಿ, ತೊಳೆದಿಟ್ಟ ಜೀಪು, ಸೀರೆಯುಟ್ಟ ಅಪ್ಪ, ನಕ್ಕವರು, ಮತ್ತೆ ನಗಿಸಿದ ನಾನು. ಸಾಹುಕಾರರು ಮುಂದಿನ ಸಾಲಿನಲ್ಲಿದ್ದರು. ನಾನು ಅವರ ಕಡೆ ನೋಡಲಿಲ್ಲ. ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ, ಇಷ್ಟು ವರ್ಷ ಅದನ್ನೇ ಅಂದುಕೊಂಡಿದ್ದೆ.

ಸಭೆ ಕರಗಿದ ಮೇಲೆ ಸಾಹುಕಾರರು ಮೆಟ್ಟಿಲ ಹತ್ತಿರ ನನಗಾಗಿ ನಿಂತಿದ್ದರು. ಅವರಿಗೂ ಈಗ ವಯಸ್ಸಾಗಿದೆ.

"ಆ ಜೀಪು ತೊಳೆದದ್ದು ನಾನು," ಎಂದರು. "ಅಕ್ಕನ ಮದುವೆ ಅಂತ ಬೆಳಿಗ್ಗೆಯಿಂದ ತೊಳೆದಿದ್ದೆ. ಆಮೇಲೆ ಒಳಗೆ ಹೋದೆ. ಹೀಗೆಲ್ಲ ಆದದ್ದು ಇವತ್ತಿನವರೆಗೂ ನಂಗೆ ಯಾರೂ ಹೇಳ್ಲಿಲ್ಲ. ಹಬ್ಬದ ದಿನ ಆ ಮುದುಕ ಜೀಪಿನ ಹೆಸರೆತ್ತಿ ಬೈದದ್ದು ನೆನಪುಂಟು, ಯಾಕೆ ಅಂತ ಕೇಳ್ಲಿಲ್ಲ. ನಾನೂ ನಕ್ಕಿದ್ದೆ."

ನಾನು ತಲೆಯಾಡಿಸಿದೆ.

"ಮಾಷ್ಟ್ರು ವಾರಕ್ಕೊಂದು ಸಲ ನಮ್ಮ ಗೇಟಿನ ಮುಂದೆ ಹೋಗ್ತಿದ್ರು. ನಮಸ್ಕಾರ ಸಾರ್ ಅಂತಿದ್ರು, ನಾನೂ ನಮಸ್ಕಾರ ಅಂತಿದ್ದೆ. ಎಂತ ಮಾಷ್ಟ್ರೇ, ನಿಮಗೆ ಗೊತ್ತಿತ್ತಲ್ಲ? ಅವರಿರುವಾಗ ಹೇಳಿದ್ರೆ ನಾನು ಕೇಳ್ತಿರ್ಲಿಲ್ವಾ?"

ಅವರು ಕೇಳುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವುದಿಲ್ಲ ಎಂದು ಅವರ ಪರವಾಗಿ ನಾನು ತೀರ್ಮಾನಿಸಿದ್ದೆ. ಕಾಯಬಹುದು ಎಂದು ಲೆಕ್ಕದ ಮಾಷ್ಟ್ರ ಪರವಾಗಿಯೂ ನಾನೇ ತೀರ್ಮಾನಿಸಿದ್ದೆ. ಸಾಹುಕಾರರು ನನ್ನ ಉತ್ತರಕ್ಕಾಗಿ ನಿಂತೇ ಇದ್ದರು. ಒಳಗೆ ಮಕ್ಕಳು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.