ಹಡಗು ಬಂದ್ ಆದ ಶುಕ್ರವಾರ

ಸಂಕಪ್ಪ ಒಳ್ಳೆಯವನೋ ಕೆಟ್ಟವನೋ ಎಂದು ವಾಮದಪದವಿನ ಹೋಟೆಲಿನಲ್ಲಿ ಈಗಲೂ ವಾದ ನಡೆಯುತ್ತದೆ. ವಾದ ಮಾಡುವವರಿಗೆ ಚಹಾ ಕುಡಿಯಲು ಒಂದು ನೆಪ ಬೇಕು, ಅಷ್ಟೆ. ಸಂಕಪ್ಪ ಫಿಟ್ಟರ್. ಕಬ್ಬಿಣದ ಸದ್ದು ಕೇಳಿ ಅದರ ರೋಗ ಹೇಳುವ ಮನುಷ್ಯ. ವಯಸ್ಸು ಐವತ್ತೆಂಟು, ಬಲಗೈಯ ಕಿರುಬೆರಳು ಅರ್ಧ ಇಲ್ಲ.

ಅವನು ದುಡಿಮೆ ಕಲಿತದ್ದು ಬಂಟ್ವಾಳದ ಹೊಳೆ ಬದಿಯ ಹಂಚಿನ ಕಾರ್ಖಾನೆಯೊಂದರಲ್ಲಿ. ಮೂವತ್ತು ವರ್ಷದ ಹಿಂದೆ ಅಲ್ಲಿ ಮುಷ್ಕರ ನಡೆಯಿತು. ಹನ್ನೊಂದನೆಯ ದಿನ ಧಣಿಯ ಗುಮಾಸ್ತ ಬಂದು, ಹಾಜರಿ ಕಾಗದ ಎಂದು ಹೇಳಿ ಏಳು ಜನರಿಂದ ಸಹಿ ಹಾಕಿಸಿಕೊಂಡು ಹೋದ. ಕಾಗದ ಇಂಗ್ಲಿಷಿನಲ್ಲಿತ್ತು. ಅದು ರಾಜೀನಾಮೆ ಪತ್ರ ಎಂದು ಗೊತ್ತಾಗುವಾಗ ಏಳೂ ಜನ ಗೇಟಿನ ಹೊರಗಿದ್ದರು, ಸಂಕಪ್ಪನೂ ಅವರಲ್ಲೊಬ್ಬ. ಮರುದಿನ ಗೇಟಿನ ಎದುರು ಮೈಕು ಹಿಡಿದು ಸಂಘದವರಾದ ನಾವು ಗಂಟಲು ಹರಿಯುವ ಹಾಗೆ ಕೂಗಿದೆವು: ಧಣಿ ಕೊಟ್ಟ ಕಾಗದಕ್ಕೆ ಸಹಿ ಹಾಕಬೇಡಿ, ಧಣಿಯ ಪುಸ್ತಕದಲ್ಲಿ ಒಂದಕ್ಷರ ಬರೆಯಬೇಡಿ. ಉಳಿದವರು ಮುಷ್ಕರ ಮುರಿದ ಮೇಲೆ ಅದನ್ನು ಮರೆತರು. ಸಂಕಪ್ಪ ಮರೆಯಲಿಲ್ಲ. ಮಗಳ ಶಾಲೆಯ ಅಂಕಪಟ್ಟಿಗೂ ಅವನು ಸಹಿ ಹಾಕಿದವನಲ್ಲ. ಹೆಂಡತಿಯ ಕೈಯಲ್ಲಿ ಹಾಕಿಸುತ್ತಿದ್ದ.

ಆಮೇಲೆ ಅಕ್ಕಿ ಮಿಲ್ಲು, ಕಲ್ಲಿನ ಕೋರೆ, ಐಸ್ ಪ್ಲಾಂಟು. ಹನ್ನೆರಡು ವರ್ಷದ ಹಿಂದೆ ಊರಿನಾಚೆಯ ಗುಡ್ಡವನ್ನು ಜೆಸಿಬಿಯಿಂದ ಬೋಳಿಸಿ ಯಾರೋ ಒಂದು ಥೀಮ್ ಪಾರ್ಕು ಮಾಡಿದಾಗ ಸಂಕಪ್ಪ ಅಲ್ಲಿ ಸೇರಿಕೊಂಡ. ಅಲೆಯ ಕೊಳ, ಪುಟಾಣಿ ರೈಲು, ನೀರಿನ ಜಾರುಬಂಡಿ, ಮತ್ತೆ ಹಡಗು. ಎಲ್ಲರೂ ಬರುವುದು ಹಡಗಿಗೆ. ದೊಡ್ಡ ಕಬ್ಬಿಣದ ತೊಟ್ಟಿಲು ಅದು. ಅತ್ತ ಇತ್ತ ತೂಗಿ ತೂಗಿ ತೆಂಗಿನಮರದ ಎತ್ತರಕ್ಕೆ ಹೋಗುತ್ತದೆ. ತುದಿಯ ಸಾಲಿನಲ್ಲಿ ಕೂತವರು ಎಲ್ಲರಿಗಿಂತ ಮೇಲೆ ಹೋಗುತ್ತಾರೆ, ಎಲ್ಲರಿಗಿಂತ ಹೆಚ್ಚು ಕಿರುಚುತ್ತಾರೆ. ತೊಡೆಯ ಮೇಲೆ ಒಂದು ಅಡ್ಡಕಂಬಿ ಬಂದು ಕೂರುತ್ತದೆ. ಆ ಕಂಬಿಯನ್ನು ಹಿಡಿದಿಡುವುದು ಹೆಬ್ಬೆರಳಿನಷ್ಟು ದಪ್ಪದ ಒಂದು ಕೊಕ್ಕೆ.

ಎರಡು ವರ್ಷದ ಹಿಂದಿನ ನವೆಂಬರಿನಲ್ಲಿ ತುದಿಯ ಸಾಲಿನ ಕೊಕ್ಕೆಯ ಹಲ್ಲು ಸವೆದದ್ದು ಸಂಕಪ್ಪನಿಗೆ ಕಂಡಿತು. ಕಂಬಿ ಕೂರುತ್ತಿತ್ತು. ಆದರೆ ಕೂರುವಾಗಿನ ಸದ್ದು ಬದಲಾಗಿತ್ತು. ಅವನು ಮೆನೇಜರ್ ವೇಣುಗೋಪಾಲನ ಬಳಿ ಹೋದ.

"ಆ ಸಾಲು ಬಂದ್ ಮಾಡುವ ಸರ್. ಹಲ್ಲು ಹೋಗಿದೆ."

"ಬುಕ್ಕಿನಲ್ಲಿ ಬರೆದು ಸಹಿ ಹಾಕಿ. ನಾನು ಮೇಲೆ ಕಳಿಸ್ತೇನೆ."

"ಬಾಯಲ್ಲಿ ಹೇಳಿದೆನಲ್ಲ."

"ಬಾಯಲ್ಲಿ ಹೇಳಿದ್ದು ನನ್ನ ಕಿವಿಗೆ ಬೀಳುದಿಲ್ಲ ಸಂಕಪ್ಪಣ್ಣ. ಬರೆದದ್ದು ಮಾತ್ರ ಬೀಳ್ತದೆ."

ಸಂಕಪ್ಪ ಬರೆಯುವವನಲ್ಲ ಎಂದು ವೇಣುಗೋಪಾಲನಿಗೆ ಹತ್ತು ವರ್ಷದಿಂದ ಗೊತ್ತಿತ್ತು. ಸಂಕಪ್ಪ ಆ ಸಾಲಿಗೆ ಅಡ್ಡ ಹಗ್ಗ ಕಟ್ಟಿದ. ನೋಡಲಿಕ್ಕೆ ಚಂದ ಇಲ್ಲ ಎಂದು ಮಧ್ಯಾಹ್ನದೊಳಗೆ ಹಗ್ಗ ಬಿಚ್ಚಿಸಿದರು. ಮತ್ತೆ ಎರಡು ಸಲ ಹೇಳಿದ. ಎರಡು ಸಲವೂ ಅದೇ ಉತ್ತರ. ಆಮೇಲೆ ಸುಮ್ಮನಾದ.

ಡಿಸೆಂಬರಿನಲ್ಲಿ ವೇಣೂರಿನ ಶಾಲೆಯಿಂದ ಅನಂತಮತಿ ಟೀಚರ್ ಫೋನ್ ಮಾಡಿದರು. ಸಂಕಪ್ಪನ ಮಗಳ ಮನೆ ವೇಣೂರಿನಲ್ಲಿ. ಮೊಮ್ಮಗಳು ಸಾತ್ವಿಕಾ ಅದೇ ಶಾಲೆಯಲ್ಲಿ ಏಳನೆಯ ಕ್ಲಾಸು. ಟೀಚರ್ ಲೆಕ್ಕದ ಮೇಡಂ, ಟೂರಿಗೂ ಕೋಷ್ಟಕ ಹಾಕುವವರು. ಪಾರ್ಕಿನಲ್ಲಿ ಯಾವ ವಾರ ಯಾವುದು ಬಂದ್ ಎಂದು ಸಂಕಪ್ಪನಿಂದಲೇ ಕೇಳಿ ಬರೆದುಕೊಂಡಿದ್ದರು. ಸೋಮವಾರ ಕೊಳ ತೊಳೆಯುತ್ತಾರೆ, ಮಂಗಳವಾರ ರೈಲು ಇಲ್ಲ, ಬುಧವಾರ ಹಡಗಿಗೆ ಗ್ರೀಸು, ಗುರುವಾರ ಜಾರುಬಂಡಿ ಇಲ್ಲ. ಶನಿವಾರ ಭಾನುವಾರ ಕಾಲಿಡಲು ಜಾಗ ಇಲ್ಲ.

"ಹಾಗಾದ್ರೆ ಶುಕ್ರವಾರ ಗಟ್ಟಿ ಸಂಕಪ್ಪಣ್ಣ. ಶುಕ್ರವಾರ ಎಲ್ಲ ಉಂಟು."

"ಬುಧವಾರ ಬನ್ನಿ ಟೀಚರ್. ಜನ ಇರುದಿಲ್ಲ."

"ಜನ ಇರುದಿಲ್ಲ, ಹಡಗೂ ಇರುದಿಲ್ಲ. ಮಕ್ಕಳು ಎಂತ ನಿಮ್ಮ ಮುಖ ನೋಡ್ಲಿಕ್ಕೆ ಬರುದಾ?"

"ಹಡಗು ಎಂತಕ್ಕೆ? ತಲೆ ತಿರುಗಿ ವಾಂತಿ ಮಾಡ್ತಾರೆ. ಬುಧವಾರವೇ ಬನ್ನಿ."

"ವಾಂತಿ ಮಾಡ್ಲಿಕ್ಕೇ ಬರುದು ಮಾರಾಯ್ರೆ! ಹೋದ ವರ್ಷ ಹೋದಾಗ ಹಡಗು ಬಂದ್. ಆವತ್ತಿಂದ ಅರುವತ್ತೆರಡು ಮಕ್ಕಳು ನನ್ನ ತಲೆ ತಿಂತಾ ಇದ್ದಾರೆ. ನಿಮ್ಮ ಮೊಮ್ಮಗಳೇ ಲೀಡರು."

"ಬುಧವಾರ ಆದ್ರೆ ಒಳ್ಳೇದಿತ್ತು," ಎಂದು ಸಂಕಪ್ಪ ಮೂರನೆಯ ಸಲ ಹೇಳಿದ. ಮುದುಕನಿಗೆ ಎಂತದೋ ರಗಳೆ ಎಂದುಕೊಂಡು ಟೀಚರ್ ಫೋನ್ ಇಟ್ಟರು.

ಕಾರಣ ಹೇಳಬಹುದಿತ್ತಲ್ಲ? ಹೇಳಿದರೆ ಟೀಚರ್ ಪಾರ್ಕಿಗೆ ಫೋನ್ ಮಾಡಿ ಜೋರು ಮಾಡುತ್ತಿದ್ದರು. ಹೇಳಿದವರು ಯಾರು ಎಂದು ಹುಡುಕಲು ವೇಣುಗೋಪಾಲನಿಗೆ ಐದು ನಿಮಿಷ ಬೇಡ. ಆ ವಯಸ್ಸಿನಲ್ಲಿ ಇನ್ನೊಂದು ಗೇಟಿನ ಹೊರಗೆ ನಿಲ್ಲಲು ಸಂಕಪ್ಪ ಹೆದರಿದ. ಇದಕ್ಕೆ ದೊಡ್ಡ ಹೆಸರು ಕೊಡುವ ಅಗತ್ಯ ಇಲ್ಲ.

ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಅವನು ಹಡಗಿನ ಕರೆಂಟಿನ ಪೆಟ್ಟಿಗೆ ತೆರೆದು, ಒಂದು ವಯರು ಬಿಡಿಸಿ, ಪೆಟ್ಟಿಗೆ ಮುಚ್ಚಿದ. ಹತ್ತು ಗಂಟೆಗೆ ಗುಂಡಿ ಒತ್ತಿದರೆ ಹಡಗು ಅಲ್ಲಾಡಲಿಲ್ಲ. ವೇಣುಗೋಪಾಲ ಬೈದ. ಎಲೆಕ್ಟ್ರಿಷಿಯನ್ ಮೂಡಬಿದ್ರೆಯಿಂದ ಬರಬೇಕು, ಬರುವಾಗ ಸಂಜೆ. ಸಂಕಪ್ಪನೇ ‘ಇಂದು ಹಡಗು ಇಲ್ಲ’ ಎಂಬ ಬೋರ್ಡು ತೂಗುಹಾಕಿದ.

ಹತ್ತೂವರೆಗೆ ವೇಣೂರಿನ ಬಸ್ಸು ಬಂತು. ಅರುವತ್ತೆರಡು ಮಕ್ಕಳು ಹಳದಿ ಟೊಪ್ಪಿ ಹಾಕಿಕೊಂಡು ಓಡಿ ಬಂದು ಬೋರ್ಡಿನ ಮುಂದೆ ನಿಂತರು. ಆಮೇಲೆ ಸಂತೆಯ ಗದ್ದಲ.

"ಬುಧವಾರ ಬರದ್ದಕ್ಕೆ ಶಾಪ ಹಾಕಿದ್ರಾ ಎಂತ?" ಎಂದು ಟೀಚರ್ ನಗಲು ನೋಡಿದರು. ನಗು ಬರಲಿಲ್ಲ.

ಸಾತ್ವಿಕಾ ಅಜ್ಜನ ಹತ್ತಿರ ಬಂದಳು. "ನಮ್ಮ ಅಜ್ಜನ ಹಡಗು ಅಂತ ಎಲ್ಲರ ಹತ್ರ ಹೇಳಿದ್ದೆ. ಒಂದು ಹಡಗು ಸರಿ ಮಾಡ್ಲಿಕ್ಕೆ ಗೊತ್ತಿಲ್ವಾ ನಿಮಗೆ?"

"ಗೊತ್ತಿಲ್ಲ ಮಗಾ," ಎಂದ.

ಅವಳು ಇಡೀ ದಿನ ಅವನ ಕಡೆ ತಿರುಗಲಿಲ್ಲ. ನಾಲ್ಕು ಗಂಟೆಗೆ ಬಸ್ಸು ಹೊರಡುವಾಗಲೂ ಆಚೆ ಬದಿಯ ಕಿಟಕಿಯಲ್ಲಿ ಕೂತಳು. ಬಸ್ಸು ಇಳಿಜಾರು ದಾಟಿದ ಮೇಲೆ ಸಂಕಪ್ಪ ಪೆಟ್ಟಿಗೆ ತೆರೆದು ವಯರು ಸಿಕ್ಕಿಸಿದ. ಮರುದಿನ ಶನಿವಾರ, ಹಡಗು ಬೇಕೇ ಬೇಕು ಎಂದು ವೇಣುಗೋಪಾಲ ಹೇಳಿದ್ದ. ಶನಿವಾರ ಎರಡು ಕಾಲೇಜಿನವರು ಬಂದರು. ಹಡಗು ಇಪ್ಪತ್ತಾರು ಸಲ ಓಡಿತು. ಏನೂ ಆಗಲಿಲ್ಲ. ಅದರ ಮರುದಿನವೂ ಏನೂ ಆಗಲಿಲ್ಲ. ಏನೂ ಆಗದ ದಿನಗಳು ಮನುಷ್ಯನನ್ನು ಕೆಡಿಸಿದಷ್ಟು ಹೆಂಡವೂ ಕೆಡಿಸುವುದಿಲ್ಲ. ತನ್ನ ಕಿವಿಯೇ ತಪ್ಪು ಕೇಳಿರಬೇಕು ಎಂದು ಸಂಕಪ್ಪ ತನಗೆ ತಾನೇ ಹೇಳಿಕೊಳ್ಳತೊಡಗಿದ.

ಜನವರಿ ಕೊನೆಯ ಭಾನುವಾರ ಬೆಳ್ತಂಗಡಿ ಕಡೆಯಿಂದ ಆಫ್ರಾ ಎಂಬ ಹುಡುಗಿ ಮನೆಯವರ ಜೊತೆ ಬಂದಳು. ಇಪ್ಪತ್ತೆರಡು ವರ್ಷ, ಬಿ.ಎಡ್. ಓದುತ್ತಿದ್ದಳು. ತುದಿಯ ಸಾಲಿನಲ್ಲಿ ಕೂತಳು. ಹಡಗು ಮೇಲೆ ಹೋದಾಗ ಕಂಬಿ ಎದ್ದಿತು. ಅವಳು ಕೆಳಗಿನ ಕಬ್ಬಿಣದ ಬೇಲಿಗೆ ಬಿದ್ದಳು. ಜೀವ ಉಳಿಯಿತು. ಸೊಂಟದ ಕೆಳಗೆ ಸ್ವಾಧೀನ ಉಳಿಯಲಿಲ್ಲ.

ಪೊಲೀಸರು ಪಾರ್ಕಿನ ಪುಸ್ತಕ ತೆಗೆಸಿದರು. ಹಡಗಿನ ಪುಟದಲ್ಲಿ ನವೆಂಬರಿನಿಂದ ಜನವರಿಯವರೆಗೆ ದೂರಿನ ಜಾಗ ಖಾಲಿ. "ನನಗೆ ಯಾರೂ ಹೇಳಿಲ್ಲ," ಎಂದ ವೇಣುಗೋಪಾಲ. ನಂತರ ಕ್ಯಾಮೆರಾದಲ್ಲಿದ್ದ ಡಿಸೆಂಬರಿನ ಶುಕ್ರವಾರವನ್ನು ಹುಡುಕಿ ತೋರಿಸಿದ: ಬೆಳಿಗ್ಗೆ ಏಳಕ್ಕೆ ಫಿಟ್ಟರ್ ಪೆಟ್ಟಿಗೆ ತೆರೆಯುತ್ತಾನೆ, ಸಂಜೆ ಮತ್ತೆ ತೆರೆಯುತ್ತಾನೆ. ಯಂತ್ರ ಕೆಡಿಸುವವನು ಇವನೇ, ನೋಡಿ.

ಸಂಕಪ್ಪ ಆವತ್ತು ಯಾಕೆ ಹಾಗೆ ಮಾಡಿದ ಎಂದು ಪೊಲೀಸರು ವೇಣೂರಿಗೂ ಹೋಗಿ ಕೇಳಿದರು. ಅನಂತಮತಿ ಟೀಚರ್ ಸುಳ್ಳು ಹೇಳುವವರಲ್ಲ. ಹಡಗು ಬಂದ್ ಇರುವ ದಿನವೇ ಬನ್ನಿ ಎಂದು ಸಂಕಪ್ಪಣ್ಣ ಮೂರು ಸಲ ಹೇಳಿದ್ದರು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಲ್ಲಿಗೆ ಮುಗಿಯಿತು. ಅಪಾಯ ಉಂಟು ಎಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಓಡಲು ಬಿಟ್ಟ. ಪಾರ್ಕಿನ ಯಜಮಾನರು ಯಾರು ಎಂಬುದು ದೋಷಾರೋಪ ಪಟ್ಟಿಯಲ್ಲಿ ಕಾಣುವುದಿಲ್ಲ. ವೇಣುಗೋಪಾಲ ಸಾಕ್ಷಿ. ಆರೋಪಿ ಒಬ್ಬನೇ.

ಟೀಚರ್ ಒಮ್ಮೆ ಅವನ ಮನೆಗೆ ಬಂದು ಅತ್ತರು. "ನನಗೆ ಒಂದು ಮಾತು ಹೇಳಬಾರದಿತ್ತಾ ಸಂಕಪ್ಪಣ್ಣ? ನಾನು ಬರೆದು ಸಹಿ ಹಾಕ್ತಿದ್ದೆನಲ್ಲ." ಅವನು ಅವರಿಗೆ ಬೆಲ್ಲ ನೀರು ಕೊಟ್ಟ. ನಮ್ಮ ಘೋಷಣೆಯ ಇನ್ನರ್ಧ ಅದೇ ಆಗಿತ್ತು: ಧಣಿಯ ಪುಸ್ತಕದಲ್ಲಿ ಬೇಡ, ನಮ್ಮ ಪುಸ್ತಕದಲ್ಲಿ ಬರೆಯಿರಿ, ಎಲ್ಲರೂ ಸೇರಿ ಬರೆಯಿರಿ. ಆ ಅರ್ಧವನ್ನು ನಾವು ಹೇಳಲೇ ಇಲ್ಲ. ಹೇಳುವಷ್ಟರಲ್ಲಿ ಕಾರ್ಖಾನೆಯೂ ಇರಲಿಲ್ಲ, ಸಂಘವೂ ಇರಲಿಲ್ಲ.

ಬಂಟ್ವಾಳದ ಕೋರ್ಟಿನಲ್ಲಿ ಕೇಸು ಮೂರನೆಯ ಸಲ ಮುಂದೆ ಹೋದ ದಿನ ಆಫ್ರಾಳನ್ನು ಸಾಕ್ಷಿಗೆ ಕರೆದಿದ್ದರು. ಅಣ್ಣ ಇಹ್ಸಾನ್ ಗಾಲಿಕುರ್ಚಿ ತಳ್ಳಿಕೊಂಡು ಬಂದಿದ್ದ. ಜಗಲಿಯಲ್ಲಿ ಅವಳ ತಾಯಿ ನೇರ ಸಂಕಪ್ಪನ ಎದುರು ಬಂದು ನಿಂತರು. ಬೈಯುತ್ತಾರೆ ಎಂದು ಎಲ್ಲರೂ ಕಾದರು. ಅವರು ಸ್ವರ ಏರಿಸಲಿಲ್ಲ.

"ನಿಮ್ಮ ಮೊಮ್ಮಗಳು ಬಂದ ದಿನ ಅದನ್ನು ನಿಲ್ಲಿಸಿದ್ದು ಹೌದಾ?"

"ಹೌದು."

"ನಿಲ್ಲಿಸ್ಲಿಕ್ಕೆ ಎಷ್ಟು ಹೊತ್ತು ಬೇಕಾಯ್ತು?"

"ಎರಡು ನಿಮಿಷ."

"ನನ್ನ ಮಗಳು ಬಂದ ದಿನ ನಿಮ್ಮ ಹತ್ರ ಎರಡು ನಿಮಿಷ ಇರ್ಲಿಲ್ವಾ?"

ವಕೀಲ ಸಂಕಪ್ಪನ ತೋಳು ಹಿಡಿದು ಎಳೆದ, ಮಾತಾಡಬೇಡಿ ಎಂದ. ಸಂಕಪ್ಪ ತೋಳು ಬಿಡಿಸಿಕೊಂಡ.

"ಇತ್ತು," ಎಂದ.

ತಾಯಿ ಮಗಳ ಕಡೆ ತಿರುಗಿ ಅವಳ ಶಾಲು ಸರಿ ಮಾಡಿದರು. ಇಹ್ಸಾನ್ ಕುರ್ಚಿಯನ್ನು ಮೆಟ್ಟಿಲಿನ ಬಳಿ ತಂದ. ನಾಲ್ಕು ಮೆಟ್ಟಿಲು, ಇಳಿಜಾರು ದಾರಿ ಇಲ್ಲ. ಸಂಕಪ್ಪ ಕೆಳಗಿನಿಂದ ಹಿಡಿಯಲು ಹೋದ.

"ಬೇಡ," ಎಂದ ಇಹ್ಸಾನ್.

ಒಬ್ಬನೇ, ಹಿಂದೆ ವಾಲಿಸಿ, ಒಂದೊಂದೇ ಮೆಟ್ಟಿಲು ಇಳಿಸಿದ. ಪ್ರತಿ ಮೆಟ್ಟಿಲಿಗೂ ಆಫ್ರಾಳ ತಲೆ ಅಲುಗಿತು.