ಗಡ್ಡೆ ಭಾವ ಬಿಸಿ ಕೊಳ್ಳಲು ಹೋದದ್ದು

ನನ್ನ ತಂಗಿಯ ಗಂಡನಿಗೆ ಚಳಿಯಾಗುವುದಿಲ್ಲ. ಇದನ್ನು ಬಡಾಯಿಗೆ ಹೇಳುತ್ತಿಲ್ಲ. ಬಡಾಯಿಗೆ ಹೇಳುವುದಾದರೆ, ಅವನು ಸೀನಿದರೆ ಆಲಿಕಲ್ಲು ಬೀಳುತ್ತದೆ ಎನ್ನುತ್ತಿದ್ದೆ. ಅವನ ಮದುವೆಯ ಊಟದ ಸಾಲಿನಲ್ಲಿ ಕುಳಿತು ಹಾಗೆ ಹೇಳಿಯೂ ಇದ್ದೆ. ಬೀಗರ ಕಡೆಯ ಒಬ್ಬ ಅಜ್ಜ ನಂಬಿ, ಛತ್ರಿ ಹುಡುಕಲು ಎದ್ದಿದ್ದರು.

ಭಾವ ಕೋಲ್ಡ್ ಸ್ಟೋರೇಜಿನ ಕೆಲಸಗಾರ. ಮೀಸೆ ಮೂಡುವ ಮೊದಲೇ ಅಲ್ಲಿ ಸೇರಿದ. ಮೀಸೆ ಮೂಡಿದ್ದು ಆ ಮಂಜಿನೊಳಗೇ, ಅದಕ್ಕೇ ಇವತ್ತಿಗೂ ಅದು ಕಂಬಿಯ ಹಾಗೆ ನೆಟ್ಟಗೆ ನಿಂತಿದೆ. ಮೊಳ ದಪ್ಪದ ಬಾಗಿಲು, ಅದರ ಹಿಂದೆ ನಾಲಗೆಗಳಂತೆ ಜೋತುಬಿದ್ದ ಪ್ಲಾಸ್ಟಿಕ್ ಪಟ್ಟಿಗಳು, ಅದರಾಚೆ ಸೂರು ಮುಟ್ಟುವಂತೆ ಪೇರಿಸಿದ ಮೀನಿನ ಪೆಟ್ಟಿಗೆ, ಮಾಂಸದ ಪೆಟ್ಟಿಗೆ, ಬಟಾಣಿ ಚೀಲ. ಉಳಿದ ಕೆಲಸಗಾರರು ಆಗಾಗ ಹೊರಗೆ ಓಡಿಬಂದು, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಹಲ್ಲು ಕಟಕಟಿಸುತ್ತಿದ್ದರು. ಭಾವ ಕುದಿಯುವ ಚಹಾದ ಕೆಟಲನ್ನು ಬರಿಗೈಯಲ್ಲಿ, ಹಿಡಿ ಬಿಟ್ಟು ಹೊಟ್ಟೆಗೇ ಕೈಹಾಕಿ ಎತ್ತಿ, ಎಲ್ಲರಿಗೂ ಬಗ್ಗಿಸುತ್ತಿದ್ದ. ಮನೆಯಲ್ಲೂ ಅಷ್ಟೇ. ಒಲೆಯ ಮೇಲಿನ ಪಾತ್ರೆ ಇಳಿಸಲು ಇಕ್ಕಳ ಬೇಡ. ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಮಕ್ಕಳು "ಗಡ್ಡೆ ಮಾಮ, ಇನ್ನೊಂದ್ಸಲ!" ಎಂದು ಕುಣಿಯುತ್ತಿದ್ದವು. ಗಡ್ಡೆ ಅಂದರೆ ಮಂಜುಗಡ್ಡೆ. ಆ ಹೆಸರು ಎಷ್ಟು ಅಂಟಿತೆಂದರೆ ನನ್ನ ತಂಗಿಯೂ ಕೋಪ ಬಂದಾಗ ಅದನ್ನೇ ಬಳಸುತ್ತಾಳೆ.

ಅವರ ಮನೆ ಮೂರು ಅಂತಸ್ತಿನ ಕಟ್ಟಡದ ತಲೆಯ ಮೇಲೆ. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ಬೋಳು ತಾರಸಿ. ಬೇಸಿಗೆಯಲ್ಲಿ ಆ ನೆಲದ ಮೇಲೆ ಮೊಟ್ಟೆ ಒಡೆದರೆ ಬೇಯುತ್ತದೆ, ಚಳಿಗಾಲದಲ್ಲಿ ಅದೇ ಮೊಟ್ಟೆ ಉರುಳಿಸಿ ಗೋಲಿ ಆಡಬಹುದು. ಕಟ್ಟಡದಲ್ಲಿ ಹವಾಮಾನದ ಮಾತು ಬಂದರೆ ಭಾವನದೇ ಕೊನೆಯ ತೀರ್ಪು. "ಗಡ್ಡೆ ಮಾಮ, ಇವತ್ತು ಸ್ವೆಟರ್ ಬೇಕಾ?" ಎಂದು ಸ್ಕೂಲಿಗೆ ಹೊರಟ ಮಕ್ಕಳು ಕೂಗಿದರೆ, ಇವನು ಬನಿಯನ್ನಿನಲ್ಲಿ ಕಿಟಕಿಗೆ ಬಂದು "ಏನೂ ಬೇಡ, ಓಡ್ರೋ!" ಎನ್ನುತ್ತಿದ್ದ. ಮಾರನೇ ದಿನ ಇಡೀ ಕಟ್ಟಡ ಕೆಮ್ಮುತ್ತಿತ್ತು. ಬೀದಿಯ ಔಷಧದಂಗಡಿಯವನು ಭಾವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದುದು ಸುಮ್ಮನೆ ಅಲ್ಲ.

ನನ್ನ ತಂಗಿ ಮನೆಯಲ್ಲೇ ಕಾಜಾ ಹೊಲಿಯುತ್ತಾಳೆ. ಅಂಗಿಯ ಗುಂಡಿ ತೂರುವ ಸೀಳಿನ ಅಂಚಿಗೆ ಒತ್ತೊತ್ತಾಗಿ ಹಾಕುವ ಕೈಹೊಲಿಗೆ ಅದು. ದೊಡ್ಡ ದರ್ಜಿಗಳು ಕಟ್ಟು ಕಟ್ಟಾಗಿ ಅಂಗಿ ಕಳಿಸುತ್ತಾರೆ. ಹೋದ ಚಳಿಗಾಲದಲ್ಲಿ ಅವಳ ಎದೆ ಕಟ್ಟಿ, ಆಸ್ಪತ್ರೆಯಲ್ಲಿ ಮಲಗಿಸುವಂತಾಯಿತು. ಈ ಸಲ ಚಳಿ ಶುರುವಾಗುವಾಗಲೇ ಡಾಕ್ಟರು ಖಡಾಖಂಡಿತವಾಗಿ ಹೇಳಿದರು, "ಆ ಮನೆಯನ್ನ ಬೆಚ್ಚಗೆ ಮಾಡಿ, ಇಲ್ಲಾಂದ್ರೆ ಇವರನ್ನ ಬೇರೆ ಮನೆಗೆ ಕಳಿಸಿ. ಇನ್ನೊಂದು ಚಳಿಗಾಲ ಹೀಗೇ ಆದ್ರೆ ಈ ಎದೆ ತಡೆಯೋಲ್ಲ."

ಅದನ್ನು ಕೇಳಿ ಒಂದು ಬೆಳಿಗ್ಗೆ ನಾನು ಅವರ ಮನೆಗೆ ಹೋದೆ. ಬಾಗಿಲು ತೆಗೆದದ್ದು ಒಂದು ಬಟ್ಟೆಯ ಗಂಟು. ಗಂಟಿನೊಳಗಿಂದ "ಬಾ ಅಣ್ಣಾ" ಎಂದು ತಂಗಿಯ ದನಿ ಬಂತು. ತಲೆಗೆ ಹಚ್ಚುವ ಎಣ್ಣೆ ಸೀಸೆಯಲ್ಲಿ ಕಲ್ಲಾಗಿ ಕೂತಿತ್ತು. ಅವಳ ಬೆರಳುಗಳು ಸೀಮೆಸುಣ್ಣದಂತೆ ಬಿಳಿಚಿದ್ದವು. ಭಾವ ಕಿಟಕಿಯನ್ನು ಹಾರುಹೊಡೆದು, ಬನಿಯನ್ನಿನಲ್ಲಿ ಕುಳಿತು, ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ.

"ಭಾವ, ಕಿಟಕಿ ಹಾಕಯ್ಯಾ, ನನ್ನ ಕಿವಿ ಉದುರಿ ಬೀಳ್ತಾ ಇದೆ!"

"ಇದನ್ನ ಚಳಿ ಅಂತೀಯಾ ಭಾವ? ಬಾ ನಮ್ಮ ಸ್ಟೋರ್‌ಗೆ, ಚಳಿ ಅಂದ್ರೆ ಏನು ಅಂತ ತೋರಿಸ್ತೀನಿ."

"ಡಾಕ್ಟ್ರು ಹೇಳಿದ್ದು ಮರೆತ್ಯಾ?"

"ಮರೆತಿಲ್ಲ. ಒಂದು ಮಿಷನ್ ತರೋದು ಅಂತ ಆಗಿದೆ. ಆದ್ರೆ ಕೈಯಲ್ಲಿರೋ ದುಡ್ಡಿಗೆ ಬರೋದು ಒಂದೇ. ಬೇಸಿಗೆಗೂ ಆಗ್ಬೇಕು, ಚಳಿಗಾಲಕ್ಕೂ ಆಗ್ಬೇಕು."

"ಹಾಸಿಗೆ ಇದ್ದಷ್ಟು ಕಾಲು ಚಾಚೋಣ ಬಿಡು. ಯಾರು ಆರಿಸೋದು?"

ತಂಗಿ ನಡುವೆ ಬಾಯಿ ಹಾಕಿದಳು. "ಇವರೇ ಅಣ್ಣಾ. ಚಳಿ ಬಿಸಿ ವಿಷಯ ಇವರಿಗಲ್ದೆ ಇನ್ಯಾರಿಗೆ ಗೊತ್ತು?"

ನನಗೂ ಅದು ಸರಿ ಎನಿಸಿತು.

ನಾನೂ ಭಾವನೂ ಹೋದ ಅಂಗಡಿಯ ಹುಡುಗ ಟೈ ಕಟ್ಟಿಕೊಂಡು, ನಗುವನ್ನೂ ಇಸ್ತ್ರಿ ಮಾಡಿಸಿಕೊಂಡು ನಿಂತಿದ್ದ. ಮೊದಲು ಗೋಡೆಗೆ ಹಾಕುವ ಒಂದು ಯಂತ್ರ ತೋರಿಸಿದ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ, ಎರಡೂ ಅದರಲ್ಲೇ.

"ಎಷ್ಟರ ತನಕ ಇಳಿಯುತ್ತೆ?" ಎಂದ ಭಾವ.

"ಹದಿನಾರು ಸರ್."

"ಮೈನಸ್ ಹದಿನಾರಾ? ಪರವಾಗಿಲ್ಲ, ಮನೆಗೆ ಸಾಕು."

ಹುಡುಗನ ಇಸ್ತ್ರಿ ಕಳಚಿತು. "ಇಲ್ಲ ಸರ್... ಪ್ಲಸ್."

"ಪ್ಲಸ್ ಹದಿನಾರಾ! ಅದಕ್ಕೆ ಮಿಷನ್ ಯಾಕ್ರೀ, ನಮ್ಮ ಸ್ಟೋರಿನ ಹೊರಗಿನ ಬೆಂಚೇ ಅಷ್ಟಿರುತ್ತೆ. ಬಿಸಿ ಹಾಕಿ ನೋಡೋಣ."

ಬಿಸಿ ಹಾಕಿದ. ಗಾಳಿ ನನ್ನ ಮುಖಕ್ಕೆ ಬಡಿದಾಗ ನಾನು ಮಫ್ಲರ್ ಬಿಚ್ಚಿದೆ. ಭಾವ ಅಂಗೈ ಚಾಚಿ, ತಲೆಯಾಡಿಸಿ, "ಉಗುರು ಬೆಚ್ಚಗೂ ಇಲ್ಲ" ಎಂದ. ಆಮೇಲೆ ಎಣ್ಣೆ ತುಂಬಿದ ಹೀಟರ್ ಬಂತು. ಅದೂ ತಣ್ಣಗೆ. ನೀರು ಹಾಕುವ ಕೂಲರನ್ನು ಮಾತ್ರ ಸ್ವಲ್ಪ ಹೊಗಳಿದ, ಚಳಿಗಾಲದಲ್ಲಿ! ಅಂಗಡಿಯ ಆ ಮೂಲೆಯಲ್ಲಿ ಎಲ್ಲ ಹೀಟರುಗಳೂ ಒಟ್ಟಿಗೆ ಉರಿಯುತ್ತಿದ್ದವು. ಹುಡುಗನ ಕಾಲರ್ ತೊಯ್ದು ಟೈ ಕುತ್ತಿಗೆಗೆ ಅಂಟಿತ್ತು. ನಾನು ಅರ್ಧ ಕರಗಿ, ಎತ್ತರದಲ್ಲಿ ಗೇಣು ಕಡಿಮೆಯಾಗಿದ್ದೆ. ಭಾವನೂ ಬೆವರುತ್ತಿದ್ದ, ಆದರೆ ಮನೆಯ ಚಳಿಯಲ್ಲೂ ಬೆವರುವವನಿಗೆ ಅದು ಲೆಕ್ಕಕ್ಕೇ ಇಲ್ಲ, ಅಂಗೈಗೆ ತಾಗಿದರಷ್ಟೇ ಬಿಸಿ.

"ಇವೆಲ್ಲ ಬರೀ ಮೋಸ ಭಾವ. ಒಂದರಲ್ಲೂ ಬಿಸಿ ಇಲ್ಲ. ದುಡ್ಡು ದಂಡ. ನಡಿ, ಒಂದು ಒಳ್ಳೇ ಫ್ಯಾನ್ ತಗೊಂಡು ಹೋಗೋಣ."

"ಸರ್, ಇದೊಂದು ನೋಡಿ ಸರ್" ಎಂದು ಹುಡುಗ ಕೊನೆಯ ಆಸೆಗೆ ಕಂಬಿಯ ಹೀಟರನ್ನು ಮುಂದೆ ತಳ್ಳಿದ. ಒಳಗೆ ಕೆಂಪಗೆ ಕಾದ ಎರಡು ಕಂಬಿ, ಹೊರಗೆ ಸರಳುಗಳ ಜಾಲರಿ. ಭಾವ ಅದರ ಮುಂದೆ ಅಂಗೈ ಹಿಡಿದ. ಹತ್ತಿರ ತಂದ. ಇನ್ನೂ ಹತ್ತಿರ ತಂದ. ನಾನು ಬೆಲೆಯ ಚೀಟಿ ನೋಡುತ್ತಿದ್ದೆ.

ವಾಸನೆ ಬಂತು.

ತಿರುಗಿ ನೋಡಿದರೆ ಭಾವನ ಅಂಗೈ ಜಾಲರಿಯ ಮೇಲೆಯೇ ಕೂತಿದೆ, ಸಣ್ಣಗೆ ಹೊಗೆಯಾಡುತ್ತಿದೆ. ಭಾವನ ಮುಖದಲ್ಲಿ ಸಮಾಧಾನ. "ಹಾಂ, ನೋಡು, ಇದು ಈಗ ಸ್ವಲ್ಪ ಬೆಚ್ಚಗೆ..."

ಹುಡುಗ ಕಿರುಚಿದ. ನಾನು ಭಾವನ ರಟ್ಟೆ ಹಿಡಿದು ಎಳೆದೆ. ಅಂಗೈ ಬಿಟ್ಟು ಬಂದ ಸದ್ದು ಇದೆಯಲ್ಲ, ಅದನ್ನು ಮಾತ್ರ ನಾನು ಯಾರಿಗೂ ಉಪ್ಪುಖಾರ ಹಚ್ಚಿ ಹೇಳಿಲ್ಲ. ಹಚ್ಚುವುದಕ್ಕೆ ಏನೂ ಉಳಿದಿಲ್ಲ. ಅಂಗೈ ತುಂಬ ಸರಳಿನ ಗೆರೆಗಳು ಮೂಡಿದ್ದವು. ಅವನು ಅದನ್ನು ಬೇರೆ ಯಾರದೋ ಕೈ ನೋಡುವಂತೆ ಅತ್ತಿತ್ತ ಹೊರಳಿಸಿ ನೋಡಿದ.

"ಇದು ಯಾವಾಗ ಆಯ್ತು?" ಎಂದ.

ನನಗೆ ಕೆಟಲ್ ನೆನಪಾಯಿತು. ಒಲೆಯ ಮೇಲಿನ ಪಾತ್ರೆ ನೆನಪಾಯಿತು. ನಾವು ತಟ್ಟಿದ ಚಪ್ಪಾಳೆ ನೆನಪಾಯಿತು.

ಡಾಕ್ಟರು ಮೊದಲು ಸುಟ್ಟ ಕೈಗೆ ಮುಲಾಮು ಹಚ್ಚಿ ಬ್ಯಾಂಡೇಜು ಕಟ್ಟಿದರು. ಆಮೇಲೆ ಇನ್ನೊಂದು ಕೈ ತೆಗೆದುಕೊಂಡು, "ಮೇಲೆ ನೋಡ್ತಾ ಇರಿ. ಚುಚ್ಚಿದಾಗ ಹೇಳಿ" ಎಂದು ಸೂಜಿ ಹಿಡಿದರು. ಸುದ್ದಿ ಕೇಳಿ ಓಡಿಬಂದ ತಂಗಿ ನನ್ನ ಪಕ್ಕದಲ್ಲಿ ನಿಂತಿದ್ದಳು. ಡಾಕ್ಟರು ಹೆಬ್ಬೆರಳಿಗೆ ಚುಚ್ಚಿದರು. ತೋರುಬೆರಳಿಗೆ ಚುಚ್ಚಿದರು. ಒಂದೊಂದೇ ಬೆರಳು ಮುಗಿಸಿ ಅಂಗೈಗೆ ಬಂದರು. ಭಾವ ಸೂರು ನೋಡುತ್ತಲೇ ಕೇಳಿದ, "ಶುರು ಮಾಡ್ತೀರಾ ಡಾಕ್ಟ್ರೇ?"

ತಂಗಿ ನನ್ನ ತೋಳನ್ನು ಹಿಡಿದ ಹಿಡಿತದ ಗುರುತು ವಾರಗಟ್ಟಲೆ ಇತ್ತು.

ಒದ್ದೆ ಗ್ಲೌಸಿನಲ್ಲಿ ಮಂಜಿನ ಪೆಟ್ಟಿಗೆ ಹಿಡಿದೂ ಹಿಡಿದೂ ಕೈಯ ನರಗಳು ಸತ್ತಿವೆ, ಇವತ್ತು ನಿನ್ನೆಯದಲ್ಲ ಎಂದರು ಡಾಕ್ಟರು. ಮೈಯೂ ಆ ಮಂಜಿಗೇ ಒಗ್ಗಿಹೋಗಿದೆ, ಇವರ ಲೆಕ್ಕದ ಬೆಚ್ಚಗೆ ಬೇರೆಯವರ ಲೆಕ್ಕದ ಬೆಚ್ಚಗೆ ಅಲ್ಲ ಎಂದರು. ಮನೆಗೆ ಬಂದರೆ ಕಿಟಕಿ ಹಾರುಹೊಡೆದಂತೆಯೇ ಇತ್ತು. ಭಾವ ಅದರ ಮುಂದೆ ಹೋಗಿ ನಿಂತ.

"ಏಯ್, ಈಗ ಇಲ್ಲಿ ಚಳಿ ಇದೆಯಾ?" ಎಂದು ಕೇಳಿದ.

ತಂಗಿ ನನ್ನ ಮುಖ ನೋಡಿದಳು. "ಇದೆ" ಎಂದಳು.

"ತುಂಬಾನಾ?"

"ತುಂಬಾ."

"ಯಾವಾಗಿಂದ?"

"ಮದುವೆ ಆದಾಗಿಂದ."

ಭಾವ ಕುರ್ಚಿ ಹುಡುಕಿ ಕುಳಿತ. "ಮತ್ತೆ ಹೇಳ್ಬಾರದಿತ್ತಾ!"

"ಹೇಳಿದ್ದೆ. ಹೊಸದರಲ್ಲಿ. ‘ಇದು ಚಳಿಯಾ? ಬಾ ನಮ್ಮ ಸ್ಟೋರ್‌ಗೆ’ ಅಂತ ಕರಕೊಂಡು ಹೋಗಿ ಆ ಬಾಗಿಲೊಳಗೆ ನಿಲ್ಲಿಸಿದ್ರಿ. ಅದನ್ನ ನೋಡಿದ ಮೇಲೆ ನನ್ನ ಚಳೀನ ಚಳಿ ಅನ್ನೋಕೆ ನಾಚಿಕೆ ಆಯ್ತು. ನೀವು ಅಷ್ಟರಲ್ಲಿ ದುಡೀತಿದ್ರಿ. ನಾನು ಇಷ್ಟಕ್ಕೆ ಬಾಯಿ ಬಿಡೋದಾ ಅಂತ ಸುಮ್ಮನಾದೆ."

ಜೀವಮಾನದಲ್ಲಿ ನನಗೆ ಒಂದು ತಮಾಷೆಯೂ ಹೊಳೆಯದ ಗಳಿಗೆ ಅದೊಂದೇ. ಭಾವ ಎದ್ದ. ಕಟ್ಟು ಹಾಕಿದ ಕೈಯಿಂದಲೇ ಕಿಟಕಿ ಎಳೆದು ಮುಚ್ಚಿ ಚಿಲಕ ಹಾಕಿದ. ಚಿಲಕ ತುಕ್ಕು ಹಿಡಿದು, ಮುಚ್ಚುವುದನ್ನೇ ಮರೆತಿತ್ತು. ಅದು ಕಿರುಗುಟ್ಟಿದ ಸದ್ದಿಗೆ ಕೆಳಗಿನ ಮನೆಯವರು ಕಳ್ಳ ಬಂದನೆಂದು ಮೇಲೆ ಓಡಿಬಂದರು. ವಿಷಯ ತಿಳಿದು ಅವರೂ ದಂಗಾಗಿ ಮೆಟ್ಟಿಲ ಮೇಲೆಯೇ ಕುಳಿತರು. ಅವರ ಮಕ್ಕಳೆಲ್ಲ ಭಾವನ ತೀರ್ಪಿನ ಮೇಲೆ ಬೆಳೆದವರು.

ಮತ್ತೆ ಅಂಗಡಿಗೆ ಹೋದೆವು, ಈ ಸಲ ತಂಗಿಯನ್ನೂ ಕರೆದುಕೊಂಡು. ಭಾವನನ್ನು ಕಂಡೊಡನೆ ಅಂಗಡಿಯ ಹುಡುಗ ಕಂಬಿಯ ಹೀಟರನ್ನು ಎತ್ತಿಕೊಂಡು ಒಳಗೆ ಓಡಿದ.

"ಹೆದರ್ಕೋಬೇಡಪ್ಪಾ, ಇವತ್ತು ನಾನು ಏನೂ ಮುಟ್ಟೋಲ್ಲ. ಇವಳು ಹೇಳ್ತಾಳೆ" ಎಂದ ಭಾವ, ಎರಡೂ ಕೈಯನ್ನು ಜೇಬಿನಲ್ಲಿಟ್ಟು.

ಆದರೆ ಇವಳು ಹೇಳಬೇಕಲ್ಲ! ಎಣ್ಣೆ ಹೀಟರ್ ಹಾಕಿದರೆ "ಪರವಾಗಿಲ್ಲ." ಗೋಡೆಯ ಯಂತ್ರ ಹಾಕಿದರೆ "ಚೆನ್ನಾಗಿದೆ." ಏನೂ ಹಾಕದೆ ಕೇಳಿದರೂ "ಹೂಂ, ಸಾಕು." ಹುಡುಗ ನನ್ನ ಕಡೆ ನೋಡಿದ. ನಾನು ಭಾವನ ಕಡೆ ನೋಡಿದೆ. ಇಷ್ಟು ಕಾಲ ಗಂಡನ ಚರ್ಮದಿಂದಲೇ ಚಳಿ ಅಳೆದವಳಿಗೆ ತನ್ನ ಚರ್ಮ ಏನು ಹೇಳುತ್ತದೆ ಎಂದು ಕೇಳಿಸಿಕೊಳ್ಳುವ ಅಭ್ಯಾಸವೇ ತಪ್ಪಿತ್ತು.

ಭಾವ ಸ್ವಲ್ಪ ಹೊತ್ತು ಮೀಸೆ ಕಚ್ಚಿದ. ಆಮೇಲೆ "ಸೂಜಿ ಇದೆಯೇನೇ?" ಎಂದ.

ಕಾಜಾ ಹೊಲಿಯುವವಳ ಕೈಚೀಲದಲ್ಲಿ ಸೂಜಿ ಇರದೆ ಇನ್ನೇನು ಇರುತ್ತದೆ? ಒಂದು ಅರ್ಧ ಮುಗಿದ ಅಂಗಿಯೂ ಇತ್ತು. ಭಾವ ಅವಳನ್ನು ಗೋಡೆಯ ಯಂತ್ರದ ಮುಂದೆ ಸ್ಟೂಲಿನಲ್ಲಿ ಕೂರಿಸಿದ. "ಬಾಯಲ್ಲಿ ಏನೂ ಹೇಳ್ಬೇಡ. ಹೊಲಿ."

ಬೀದಿಯಲ್ಲಿ ನಡೆದು ಬಂದ ಅವಳ ಬೆರಳುಗಳು ಇನ್ನೂ ಮರಗಟ್ಟಿದ್ದವು. ಮೊದಲ ದಾರ ಜಾರಿತು. ಎರಡನೆಯದು ಗಂಟಾಯಿತು. ಸೂಜಿ ಕೆಳಗೆ ಬಿತ್ತು, ಹುಡುಗ ಬಗ್ಗಿ ಎತ್ತಿಕೊಟ್ಟ. ಯಂತ್ರದ ಗಾಳಿ ಮೆಲ್ಲಗೆ ಬೆಚ್ಚಗಾಗುತ್ತ ಬಂತು. ಬಿಳಿಚಿದ್ದ ಬೆರಳ ತುದಿಗೆ ಬಣ್ಣ ಬಂತು. ಹೊಲಿಗೆ ಒಂದರ ಪಕ್ಕ ಒಂದು, ಹಲ್ಲಿನ ಸಾಲಿನಂತೆ ಕೂರತೊಡಗಿತು. ತಂಗಿ ನಾವಿದ್ದುದನ್ನೇ ಮರೆತಳು. ಕೊರಳಿನ ಶಾಲನ್ನು ತಾನೇ ತೆಗೆದು ಪಕ್ಕಕ್ಕೆ ಎಸೆದಳು.

"ಈಗ ಎಷ್ಟಿದೆ?" ಎಂದು ಭಾವ ಪಿಸುಗುಟ್ಟಿದ.

"ಇಪ್ಪತ್ನಾಲ್ಕು ಸರ್."

"ಅದೇ. ಅದು ಅವಳ ನಂಬರ್."

ಹುಡುಗ ಬೇಸಿಗೆಯಲ್ಲಿ ತಾರಸಿ ಕಾಯುತ್ತದೆ, ಚಳಿಗಾಲದಲ್ಲಿ ಗೋಡೆ ತಣ್ಣಗಾಗುತ್ತದೆ ಎಂದೆಲ್ಲ ಹೇಳಿ ದೊಡ್ಡ ಯಂತ್ರಕ್ಕೆ ಒತ್ತಾಯಿಸಿದ. ಕೈಯಲ್ಲಿದ್ದ ದುಡ್ಡು ಚಿಕ್ಕದಕ್ಕೆ ಮಾತ್ರ. ಭಾವ ಚಿಕ್ಕದನ್ನೇ ತೆಗೆದುಕೊಂಡ. "ತಂಪು ಹೊರಗೆ ಹೋಗದ ಹಾಗೆ ನೋಡ್ಕೊಳ್ಳೋದೇ ನನ್ನ ಜೀವಮಾನದ ಕೆಲಸ ಕಣಯ್ಯಾ. ಬಿಸಿಗೂ ಅದೇ ಬಾಗಿಲು" ಎಂದ. ಸ್ಟೋರಿನಲ್ಲಿ ಬದಲಾಯಿಸಿ ಎಸೆದಿದ್ದ ಪ್ಲಾಸ್ಟಿಕ್ ಪಟ್ಟಿಗಳನ್ನು ಕೇಳಿ ತಂದು ಎರಡು ಕೋಣೆಗಳ ನಡುವೆ ಇಳಿಬಿಟ್ಟ. ಸ್ಟೋರಿನ ಹಳೇ ಬಾಗಿಲಿನ ರಬ್ಬರನ್ನು ಕಿಟಕಿಯ ಸಂದಿಗೆ ತುರುಕಿದ. ತಾರಸಿಗೆ ದಪ್ಪಗೆ ಸುಣ್ಣ ಬಳಿದ, ಬೇಸಿಗೆಗೆ. ಈಗ ಆ ಮನೆಯೊಳಗೆ ಒಂದು ಸುಳ್ಳೂ ನುಸುಳುವಂತಿಲ್ಲ, ಅದಕ್ಕೇ ನಾನು ಅಲ್ಲಿ ಹೆಚ್ಚು ಮಾತಾಡುವುದಿಲ್ಲ.

ಚಳಿಗಾಲದ ನಟ್ಟನಡುವೆ ಹೋಗಿದ್ದೆ. ಡಾಕ್ಟರು ಅವಳ ಎದೆಗೆ ಕಿವಿಗೊಟ್ಟು, ಎಲ್ಲಿಗೂ ಕಳಿಸುವುದು ಬೇಡ ಎಂದಿದ್ದರು. ಸೀಸೆಯಲ್ಲಿ ಎಣ್ಣೆ ನೀರಾಗಿತ್ತು. ತಂಗಿ ಒಂದೇ ಒಂದು ಸೀರೆಯಲ್ಲಿ ಕುಳಿತು ಕಾಜಾ ಹಾಕುತ್ತಿದ್ದಳು. ಕೆಳಗಿನಿಂದ ಮಕ್ಕಳು ಕೂಗಿದವು, "ಗಡ್ಡೆ ಮಾಮ, ಇವತ್ತು ಸ್ವೆಟರ್ ಬೇಕಾ?"

ಭಾವ ಮುಚ್ಚಿದ ಕಿಟಕಿಯ ಬಳಿ ನಿಂತು, ಬೆವರು ಒರೆಸಿಕೊಂಡು, ಒಳಗೆ ತಿರುಗಿದ. "ಏಯ್, ಮಕ್ಕಳು ಕೇಳ್ತಿವೆ. ಬೇಕಾ?"

ತಂಗಿ ತಲೆ ಎತ್ತಲಿಲ್ಲ. "ಹಾಕ್ಕೊಂಡು ಹೋಗೋಕೆ ಹೇಳಿ. ಟೋಪೀನೂ."

ಭಾವ ಸಂದಿಯಷ್ಟೇ ಕಿಟಕಿ ತೆರೆದು ಕೂಗಿದ, "ಬೇಕಂತೆ! ಟೋಪೀನೂ ಬೇಕಂತೆ!" ಆಮೇಲೆ ಅವಸರವಾಗಿ ಕಿಟಕಿ ಮುಚ್ಚಿ, ಗೆರೆ ಬಿದ್ದ ಅಂಗೈಯಿಂದ ರಬ್ಬರನ್ನು ಸುತ್ತಲೂ ಒತ್ತಿದ.

"ರೀ, ಆ ಮೂಲೆ ಇನ್ನೂ ಬಿಟ್ಟಿದೆ" ಎಂದಳು ತಂಗಿ.

"ಎಲ್ಲಿ? ನನಗೆ ಗೊತ್ತಾಗ್ತಾ ಇಲ್ಲ."

"ಗೊತ್ತು. ನನಗೆ ಗೊತ್ತಾಗ್ತಾ ಇದೆ. ಒತ್ತಿ."

ಅವನು ಒತ್ತಿದ.