ಮನೆದೇವರಲ್ಲಿ ಎರಡನೇ ಸಲ ಹೂ ಕೇಳಿದ್ದು

ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿ ದುಡಿದವನಿಗೆ, ಸೀಟಿ ಊದಿದರೆ ಎಲ್ಲರೂ ಸಾಲಾಗಿ ನಿಲ್ಲುತ್ತಾರೆಂಬ ನಂಬಿಕೆ ನಿವೃತ್ತಿಯಾದ ಮೇಲೂ ಬಿಟ್ಟುಹೋಗುವುದಿಲ್ಲ. ಗುಳೇದಗುಡ್ಡದಲ್ಲಿರುವ ನನ್ನ ತಂಗಿಯ ಗಂಡ ತೀರಿಕೊಂಡಾಗ ಅವಳ ಮುಂದಿನ ಬದುಕನ್ನೂ ನಾನು ಹಾಗೆಯೇ ಸಾಲಿಗೆ ನಿಲ್ಲಿಸಿದೆ. ಅವಳು ಮನೆಯನ್ನೂ ಮಗ್ಗವನ್ನೂ ಮಾರಬೇಕು, ಬಾಗಲಕೋಟೆಯ ವಿದ್ಯಾಗಿರಿಗೆ ಬಂದು ನಮ್ಮ ಜೊತೆ ಇರಬೇಕು. ಮೇಲಿನ ಕೋಣೆಗೆ ಸುಣ್ಣ ಹಚ್ಚಿಸಿದೆ. ತಂಗಿ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

"ಹಣಮಪ್ಪನ್ನ ಒಂದು ಮಾತು ಕೇಳೂಣು ಅಣ್ಣಾ," ಎಂದಳು.

ಒಪ್ಪಿದೆ. ನಮ್ಮ ಮನೆದೇವರಾದ ಹಣಮಪ್ಪ ನನ್ನ ಕಡೆಗೇ ಇರುತ್ತಾನೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ದೊಡ್ಡ ಕೆಲಸಕ್ಕೆ ಕೈಹಾಕುವ ಮುಂಚೆ ಮೂರ್ತಿಯ ಎರಡೂ ಭುಜಗಳಿಗೆ ಒದ್ದೆ ಹೂವಿನ ಎಸಳು ಹಚ್ಚಿ ಕೇಳುವುದು ನಮ್ಮ ಪದ್ಧತಿ. ಬಲಗಡೆಯ ಎಸಳು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡವೆಂದು ಅರ್ಥ. ಬೀಳುವ ತನಕ ಕೇಳಿದವರು ಏಳುವಂತಿಲ್ಲ. ಒಂದು ಶನಿವಾರ ಬೆಳಿಗ್ಗೆ ಹೆಂಡತಿಯನ್ನೂ ತಂಗಿಯನ್ನೂ ಕರೆದುಕೊಂಡು ಗುಡಿಗೆ ಹೋದೆ. ತಂಗಿ ನಮ್ಮ ಮನೆಗೆ ಬರಬಹುದೇ ಎಂದು ಗಟ್ಟಿಯಾಗಿ ಕೇಳಿದೆ. ಕೈ ಮುಗಿಯುವಷ್ಟರಲ್ಲಿ ಎಡಗಡೆಯ ಎಸಳು ಬಿತ್ತು.

"ಅದು ಫ್ಯಾನಿನ ಗಾಳಿಗೆ ಬಿತ್ರಿ. ಫ್ಯಾನ್ ಬಂದ್ ಮಾಡಿ ಇನ್ನೊಮ್ಮೆ ಹಚ್ರಿ," ಎಂದೆ.

ಪೂಜಾರಿ ನಕ್ಕರು. "ಏನ್ರಿ ಮಾಸ್ತರ, ಹಣಮಪ್ಪ ನಾಪಾಸ್ ಆದ್ನಂತ ಮತ್ತ ಪರೀಕ್ಷಾ ಇಡ್ತೀರೇನು?"

"ಪಾಸ್ ಆಗೂತನಾ ಇವರು ಬಿಡಂಗಿಲ್ರಿ," ಎಂದಳು ಹೆಂಡತಿ.

ಫ್ಯಾನ್ ನಿಲ್ಲಿಸಿ ಹೊಸ ಎಸಳು ಹಚ್ಚಿದರು. ಈ ಸಲ ಯಾವುದೂ ಬೀಳಲಿಲ್ಲ. ನನ್ನ ಬೆವರು ಇಳಿಯಿತು, ಎಸಳು ಇಳಿಯಲಿಲ್ಲ. ಎದ್ದು ಓಡಾಡುವಂತಿಲ್ಲ, ಯಾರಿಗೂ ಏನೂ ಅಪ್ಪಣೆ ಕೊಡುವಂತಿಲ್ಲ. ಗಂಡ ತೀರಿದ ಮೇಲೆ ತಂಗಿಯ ಪಕ್ಕ ಇಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು. ಬೇರೆ ಕೆಲಸವಿಲ್ಲದೆ ಕೇಳಿದೆ:

"ನಿನಗೇನು ಅನಸ್ತೈತಿ ತಂಗಿ?"

"ಮಗ್ಗದ ಸಪ್ಪಳ ಇಲ್ಲಂದ್ರ ನನಗ ಹೊತ್ತು ಹೋಗಂಗಿಲ್ಲ ಅಣ್ಣಾ. ಕುಬಸದ ಖಣ ನೇಯ್ಕೋತ ಕುಂತ್ರ ಅವರೂ ಅಲ್ಲೇ ಅದಾರ ಅನಸ್ತೈತಿ. ಓಣ್ಯಾಗ ನನ್ನ ಮಂದಿ ಅದಾರ. ನಿಮ್ಮ ಮನ್ಯಾಗ ನೀ ಊಟಕ್ಕೂ ಸೀಟಿ ಊದ್ತಿ."

"ಮೊದ್ಲ ಯಾಕ ಹೇಳ್ಲಿಲ್ಲ?"

"ನೀ ಕೇಳೂದಕ್ಕಿಂತ ಮೊದ್ಲ ಸುಣ್ಣಾ ಹಚ್ಚಿಸಿ ಬಿಟ್ಟಿದ್ದ್ಯಲ್ಲಾ!"

ಪೂಜಾರಿ ಜೋರಾಗಿ ನಕ್ಕರು. ನಾನು ಮೂರ್ತಿಯತ್ತ ತಿರುಗಿದೆ. ಅಷ್ಟು ವರ್ಷ ದೇವರ ಮುಂದೆ ನಿಂತು ನನ್ನ ಯೋಜನೆಗಳನ್ನು ಒಪ್ಪಿಸಿ ಬಂದಿದ್ದೆ. ಅಂದು ಮೊದಲ ಸಲ, ನಿನಗೆ ತಿಳಿದಂತೆ ಆಗಲಿ ಎಂದೆ. ಮನಸ್ಸು ಹಗುರಾಯಿತು.

ಸ್ವಲ್ಪ ಹೊತ್ತಿಗೆ ಎಸಳು ಬಿತ್ತು. ಮತ್ತೆ ಎಡಗಡೆಯದೇ. ಗುಡಿಯಲ್ಲಿ ಮೊದಲು ಚಪ್ಪಾಳೆ ತಟ್ಟಿದವನು ನಾನು.

ಈಗ ತಂಗಿಯ ಮನೆಯಲ್ಲಿ ಇನ್ನೊಂದು ಮಗ್ಗ ಕೂತಿದೆ. ಓಣಿಯ ಇಬ್ಬರು ಹೆಣ್ಣುಮಕ್ಕಳು ಅವಳ ಹತ್ತಿರ ನೇಯ್ಗೆ ಕಲಿಯುತ್ತಾರೆ, ದಿನವಿಡೀ ಮೂವರ ನಗುವೇ ನಗು. ನಾನು ಹಾಕಿದ್ದ ಯೋಜನೆಯಲ್ಲಿ ಈ ನಗುವಿಗೆ ಜಾಗವೇ ಇರಲಿಲ್ಲ.